ಎಪ್ಪತ್ತು ದಾಟಿದವರಿಗೆ ಮೇದೋಜೀರಕದ ದೊಡ್ಡ ಆಪರೇಷನ್: ವಯಸ್ಸಿನ ಪಾಲೆಷ್ಟು, ತ್ರಾಣದ ಪಾಲೆಷ್ಟು?

ಹಾಸನ, ಚಿಕ್ಕಮಗಳೂರು ಕಡೆಯ ಹಿರಿಯರೊಬ್ಬರ ಕಣ್ಣು ಹಳದಿಯಾದರೆ ಮನೆಯವರಿಗೆ ಮೊದಲು ನೆನಪಾಗುವುದು ಸಾಮಾನ್ಯವಾಗಿ ಕಾಮಾಲೆಗೆ ನಾಟಿ ಔಷಧಿ ಕೊಡುವವರ ಮನೆ. ಅಲ್ಲಿ ಕೊಟ್ಟ ಸೊಪ್ಪಿನ ರಸ ಕುಡಿದು, ಎಣ್ಣೆ, ತುಪ್ಪ, ಬೇಳೆ ಬಿಟ್ಟು, ಗಂಜಿಯ ಪಥ್ಯ ಹಿಡಿದು ಎರಡು ಮೂರು ವಾರ ಕಳೆಯುತ್ತದೆ. ಅಷ್ಟರಲ್ಲಿ ಮೈ ತುರಿಕೆ ಹೆಚ್ಚಿ, ಮೂತ್ರ ಕಡುಬಣ್ಣಕ್ಕೆ ತಿರುಗಿ, ಮಲ ಬಿಳಿಚಿಕೊಂಡು, ಪಂಚೆಯ ಗಂಟು ಸಡಿಲವಾಗುವಷ್ಟು ತೂಕ ಇಳಿದಿರುತ್ತದೆ. ಕೊನೆಗೆ ಸಿ.ಟಿ. ಸ್ಕ್ಯಾನ್ ಆದಾಗ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಇದೆ, ಅದು ಪಿತ್ತನಾಳವನ್ನು ಒತ್ತುತ್ತಿದೆ, ಆಪರೇಷನ್‌ಗೆ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ಮನೆಯೊಳಗೆ ಎರಡು ಪಕ್ಷ ಏಳುತ್ತದೆ. ಒಂದು, 'ಎಪ್ಪತ್ತೈದಾಯ್ತಲ್ಲ, ಈ ವಯಸ್ಸಿನಲ್ಲಿ ಯಾಕೆ ಕೊಯ್ಸೋದು' ಎನ್ನುತ್ತದೆ. ಇನ್ನೊಂದು, 'ತೋಟ ಮಾರಿಯಾದರೂ ಸರಿ, ಮಾಡಿಸೋಣ' ಎನ್ನುತ್ತದೆ. ಇಬ್ಬರೂ ವಯಸ್ಸಿನ ಅಂಕಿಯನ್ನೇ ಹಿಡಿದು ವಾದಿಸುತ್ತಾರೆ. ಆ ಅಂಕಿ ನಿಜಕ್ಕೂ ಎಷ್ಟು ಹೇಳುತ್ತದೆ ಎಂಬುದೇ ಈ ಲೇಖನದ ವಿಷಯ.

ಈ ಪ್ರಶ್ನೆ ಈಗ ಹೆಚ್ಚು ಹೆಚ್ಚು ಮನೆಗಳ ಬಾಗಿಲಿಗೆ ಬರಲು ಕಾರಣವಿದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ. 9.5ರಷ್ಟಿದ್ದರು, ಆಮೇಲೆ ಆ ಪಾಲು ಏರುತ್ತಲೇ ಇದೆ. ಹಿಂದೆ 'ಕಾಮಾಲೆ ಬಂದು ಹೋದರು' ಎಂದು ಮುಗಿಯುತ್ತಿದ್ದ ಕಥೆಗೆ ಈಗ ಸ್ಕ್ಯಾನ್ ವರದಿಯೊಂದು ಸೇರಿಕೊಳ್ಳುತ್ತದೆ, ವರದಿಯ ಜೊತೆಗೆ ತೀರ್ಮಾನದ ಹೊರೆಯೂ ಬರುತ್ತದೆ.

ಶಸ್ತ್ರಚಿಕಿತ್ಸೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ತಿಳಿಯಬೇಕು. ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗ. ಅದರ ತಲೆಭಾಗ ಸಣ್ಣಕರುಳಿನ ಮೊದಲ ಭಾಗಕ್ಕೆ ಅಂಟಿಕೊಂಡಿದೆ, ಪಿತ್ತನಾಳ ಆ ತಲೆಯ ಮೂಲಕವೇ ಹಾದುಹೋಗುತ್ತದೆ, ರಕ್ತನಾಳಗಳೂ ಹಂಚಿಕೊಂಡವು. ಆದ್ದರಿಂದ ತಲೆಯಲ್ಲಿ ಗಡ್ಡೆಯಿದ್ದರೆ ಅದೊಂದನ್ನೇ ಕಿತ್ತು ತೆಗೆಯಲು ಬರುವುದಿಲ್ಲ. ಗ್ರಂಥಿಯ ತಲೆ, ಸಣ್ಣಕರುಳಿನ ಆ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು, ಕೆಲವೊಮ್ಮೆ ಜಠರದ ಕೆಳಭಾಗ, ಇಷ್ಟನ್ನೂ ಒಟ್ಟಿಗೆ ತೆಗೆದು, ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಜಠರವನ್ನೂ ಕರುಳಿಗೆ ಮೂರು ಕಡೆ ಜೋಡಿಸಬೇಕು. ಅಮೆರಿಕದ ಶಸ್ತ್ರವೈದ್ಯ ಆಲನ್ ವಿಪಲ್ 1935ರಲ್ಲಿ ಇದರ ವಿಧಾನವನ್ನು ಪ್ರಕಟಿಸಿದ್ದರಿಂದ ಅವರ ಹೆಸರೇ ನಿಂತಿದೆ. ಅದಕ್ಕೂ ಮುಂಚೆ, 1909ರಲ್ಲಿ, ಜರ್ಮನಿಯ ವಾಲ್ಟರ್ ಕೌಶ್ ಇದನ್ನು ಮಾಡಿದ್ದರು. ಒಂದು ಕಾಲಕ್ಕೆ ನಾಲ್ವರಲ್ಲಿ ಒಬ್ಬರು ಸಾಯುತ್ತಿದ್ದರು. ಇವತ್ತು ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಶೇ. 5ಕ್ಕಿಂತ ಕಡಿಮೆ. ಆದರೆ ಒಂದಲ್ಲ ಒಂದು ತೊಡಕು ಈಗಲೂ ಹತ್ತರಲ್ಲಿ ಮೂರರಿಂದ ಐದು ಮಂದಿಗೆ ಬರುತ್ತದೆ. ಬಾಲದ ಭಾಗವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇದಕ್ಕಿಂತ ಹಗುರ, ಅದರ ಲೆಕ್ಕ ಬೇರೆ.

ಈಗ ವಯಸ್ಸಿಗೆ ಬರೋಣ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ತಮ್ಮಲ್ಲಿ ನಡೆದ ಸುಮಾರು 2,700 ವಿಪಲ್ ಶಸ್ತ್ರಚಿಕಿತ್ಸೆಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಎಂಬತ್ತಕ್ಕಿಂತ ಕೆಳಗಿನವರಲ್ಲಿ ಸಾವು ಶೇ. 1.7ರಷ್ಟು, ಎಂಬತ್ತರಿಂದ ಎಂಬತ್ತೊಂಬತ್ತರವರಲ್ಲಿ ಶೇ. 4.1ರಷ್ಟು, ತೊಡಕುಗಳು ಕ್ರಮವಾಗಿ ಶೇ. 42 ಮತ್ತು ಶೇ. 53ರ ಆಸುಪಾಸು. ಅಂದರೆ ವ್ಯತ್ಯಾಸ ಇದೆ, ಸಾವಿನಲ್ಲಂತೂ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಆ ಹಿರಿಯರಿಗೆ ಮೊದಲೇ ಇದ್ದ ಹೃದಯ, ಶ್ವಾಸಕೋಶ ಮೊದಲಾದ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ವಯಸ್ಸು ತಾನೇ ಪ್ರತ್ಯೇಕವಾಗಿ ಸಾವನ್ನು ಹೆಚ್ಚಿಸುವ ಕಾರಣವಾಗಿ ಉಳಿಯಲಿಲ್ಲ. ಇದನ್ನು ಓದಿ 'ವಯಸ್ಸು ಲೆಕ್ಕಕ್ಕಿಲ್ಲ' ಎಂದು ಹೇಳುವವರಿದ್ದಾರೆ. ಅದು ಅವಸರದ ಮಾತು. ಆ ಎಂಬತ್ತರವರು ಊರಿನ ಎಲ್ಲ ಎಂಬತ್ತರವರ ಪ್ರತಿನಿಧಿಗಳಲ್ಲ. ಶಸ್ತ್ರಚಿಕಿತ್ಸೆ ತಾಳಬಲ್ಲರು ಎಂದು ವೈದ್ಯರೇ ಆರಿಸಿದ ಗಟ್ಟಿಮುಟ್ಟಾದವರು ಅವರು. ಬೇಡ ಎಂದು ಹಿಂದೆ ಕಳಿಸಿದವರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಅಮೆರಿಕದ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ನಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕುರಿತು 2002ರಲ್ಲಿ ಬಂದ ಅಧ್ಯಯನದಲ್ಲಿ, ಮೇದೋಜೀರಕದ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಒಂದೂ ಮಾಡದಷ್ಟು ಅಪರೂಪಕ್ಕೆ ಕೈಗೆತ್ತಿಕೊಳ್ಳುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3 ಇದ್ದರೆ, ವರ್ಷಕ್ಕೆ 16ಕ್ಕಿಂತ ಹೆಚ್ಚು ಮಾಡುವ ಕಡೆ ಶೇ. 3.8 ಇತ್ತು. ಎರಡು ಬೇರೆ ಬೇರೆ ಅಧ್ಯಯನಗಳನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕುವುದು ಪೂರ್ತಿ ನ್ಯಾಯವಲ್ಲ, ನಿಜ. ಆದರೂ ಒಂದು ಮಾತು ಎದ್ದು ಕಾಣುತ್ತದೆ: ಎಂಬತ್ತು ದಾಟಿದ್ದರಿಂದ ಬರುವ ಅಪಾಯಕ್ಕಿಂತ, ಈ ಕೆಲಸದಲ್ಲಿ ಕೈ ಪಳಗದ ಕಡೆ ಮಾಡಿಸಿಕೊಂಡದ್ದರಿಂದ ಬರುವ ಅಪಾಯವೇ ದೊಡ್ಡದು. ನಮ್ಮ ಮನೆಗಳಲ್ಲಿ ವಯಸ್ಸಿನ ಬಗ್ಗೆ ನಾಲ್ಕು ದಿನ ಚರ್ಚೆಯಾಗುತ್ತದೆ. 'ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ವಿಪಲ್ ಆಗುತ್ತದೆ' ಎಂದು ಕೇಳಲು ಮಾತ್ರ ಸಂಕೋಚ. ಸಂಕೋಚ ಪಡಬೇಕಾದ ಪ್ರಶ್ನೆ ಅದಲ್ಲ.

ವಯಸ್ಸು ಎಲ್ಲಿ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲರೂ ಹೆದರುವ ತೊಡಕು, ಗ್ರಂಥಿಯನ್ನು ಕರುಳಿಗೆ ಹೊಲಿದ ಜಾಗದಲ್ಲಿ ಜೀರ್ಣರಸ ಸೋರುವುದು. ಕೊಬ್ಬು, ಮಾಂಸಗಳನ್ನು ಕರಗಿಸುವ ರಸ ಅದು. ಹೊರಗೆ ಸೋರಿದರೆ ಪಕ್ಕದ ರಕ್ತನಾಳದ ಗೋಡೆಯನ್ನೂ ಬಿಡುವುದಿಲ್ಲ. 2013ರಲ್ಲಿ ರೂಪಿಸಿದ, ಇಂದಿಗೂ ವ್ಯಾಪಕವಾಗಿ ಬಳಸುವ ಒಂದು ಅಂಕಪಟ್ಟಿ ಸೋರಿಕೆಯ ಸಾಧ್ಯತೆಯನ್ನು ನಾಲ್ಕು ಸಂಗತಿಗಳಿಂದ ಅಳೆಯುತ್ತದೆ: ಗ್ರಂಥಿ ಮೆತ್ತಗಿದೆಯೇ ಗಟ್ಟಿಯಿದೆಯೇ, ಅದರ ನಾಳ ಎಷ್ಟು ಅಗಲ, ಕಾಯಿಲೆ ಯಾವುದು, ಆಪರೇಷನ್ ವೇಳೆ ಎಷ್ಟು ರಕ್ತ ಹೋಯಿತು. ಪಟ್ಟಿಯಲ್ಲಿ ವಯಸ್ಸಿಲ್ಲ. ಗ್ರಂಥಿಯದೇ ಕ್ಯಾನ್ಸರ್ ಆಗಿದ್ದರೆ ನಾಳ ಕಟ್ಟಿಕೊಂಡು ಹಿಗ್ಗಿ, ಗ್ರಂಥಿ ಗಟ್ಟಿಯಾಗಿ, ಹೊಲಿಗೆ ಚೆನ್ನಾಗಿ ಕಚ್ಚಿಕೊಳ್ಳುವುದುಂಟು; ಪಿತ್ತನಾಳದ ತುದಿಯ ಸಣ್ಣ ಗಡ್ಡೆಯಿರುವವರ ಗ್ರಂಥಿ ಮೆತ್ತಗೇ ಉಳಿದಿರುವುದರಿಂದ ಬೆಣ್ಣೆಗೆ ಹೊಲಿಗೆ ಹಾಕಿದ ಹಾಗಾಗುತ್ತದೆ. ಹೀಗಾಗಿ ಐವತ್ತರ ಮಗನಿಗೆ ಸೋರಿಕೆಯಾಗಿ ಎಪ್ಪತ್ತೆಂಟರ ತಂದೆಗೆ ಆಗದೆ ಇರುವುದು ಅಸಹಜವೇನಲ್ಲ.

ವಯಸ್ಸಿನ ಪಾಲು ಬರುವುದು ಆಮೇಲೆ. ಸೋರಿಕೆಯಾದ ಐವತ್ತರವರು ಜ್ವರ ಬಂದರೂ, ಎರಡು ವಾರ ಹೆಚ್ಚು ಮಲಗಿದರೂ, ಇನ್ನೊಂದು ಕೊಳವೆ ಹಾಕಿಸಿಕೊಂಡರೂ ಎದ್ದು ಬರುತ್ತಾರೆ. ಎಂಬತ್ತರವರಲ್ಲಿ ಅದೇ ಸೋರಿಕೆ ಸರಪಳಿಯಾಗುತ್ತದೆ: ಜ್ವರದಿಂದ ಹೃದಯದ ಬಡಿತ ಹದ ತಪ್ಪುತ್ತದೆ, ರಕ್ತದೊತ್ತಡ ಕುಸಿದು ಮೂತ್ರಪಿಂಡ ಮುಷ್ಕರ ಹೂಡುತ್ತದೆ, ಕೆಮ್ಮಲು ತ್ರಾಣವಿಲ್ಲದೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ನಾಲ್ಕು ಹೆಜ್ಜೆಯಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಮೂತ್ರಪಿಂಡದ ವಿಷಯದಲ್ಲಿ ಒಂದು ಮೋಸವೂ ಇದೆ. ಮಾಂಸಖಂಡ ಸೊರಗಿದ ಹಿರಿಯರಲ್ಲಿ, ಮೂತ್ರಪಿಂಡದ ಸಾಮರ್ಥ್ಯ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್‌ನ ಉತ್ಪತ್ತಿಯೇ ಕಡಿಮೆಯಾದ್ದರಿಂದ ಲ್ಯಾಬ್ ವರದಿಯಲ್ಲಿ 'ನಾರ್ಮಲ್' ಎಂದು ಕಂಡರೂ ಒಳಗಿನ ಸಾಮರ್ಥ್ಯ ಅರ್ಧಕ್ಕೆ ಇಳಿದಿರಬಹುದು.

ಸರಪಳಿಯನ್ನು ಮೊದಲ ಕೊಂಡಿಯಲ್ಲೇ ಕತ್ತರಿಸುವುದು ಆಸ್ಪತ್ರೆಯ ಕೆಲಸ. ದೊಡ್ಡ ಶಸ್ತ್ರಚಿಕಿತ್ಸೆಗಳ ಬಗ್ಗೆ 2009ರಲ್ಲಿ ಅಮೆರಿಕದಿಂದಲೇ ಬಂದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಸಾವು ಹೆಚ್ಚಿರುವ ಆಸ್ಪತ್ರೆಗಳಲ್ಲೂ ಕಡಿಮೆಯಿರುವ ಆಸ್ಪತ್ರೆಗಳಲ್ಲೂ ತೊಡಕುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ದೊಡ್ಡ ತೊಡಕು ಬಂದವರಲ್ಲಿ ಸತ್ತವರು ಒಂದು ಕಡೆ ಶೇ. 12.5, ಇನ್ನೊಂದು ಕಡೆ ಶೇ. 21.4. ರಾತ್ರಿ ಎರಡು ಗಂಟೆಗೆ, ಹೊಟ್ಟೆಯೊಳಗಿನ ಸೋರಿಕೆ ಹೊರಬರಲೆಂದು ಇಟ್ಟ ಡ್ರೈನ್ ಕೊಳವೆಯಲ್ಲಿ ಕೆಂಪು ಕಂಡರೆ ಗುರುತಿಸುವ ನರ್ಸ್, ಆಗಲೇ ಸ್ಕ್ಯಾನ್ ಮಾಡಿ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚಬಲ್ಲ ರೇಡಿಯಾಲಜಿ ತಜ್ಞರು, ಹಾಸಿಗೆ ಖಾಲಿಯಿರುವ ಐಸಿಯು ಇವು ಇವೆಯೇ ಇಲ್ಲವೇ ಎಂಬುದರ ಮೇಲೆ ಉಳಿವು ನಿಂತಿದೆ. ಹಿರಿಯರ ಕೈಯಲ್ಲಿ ಕಾಯುವಷ್ಟು ಸಮಯ ಕಡಿಮೆ ಇರುವುದರಿಂದ ಅವರಿಗೆ ಇದರ ಅಗತ್ಯ ಇನ್ನೂ ಹೆಚ್ಚು.

ಹಾಗಾದರೆ ಒಬ್ಬರ ತ್ರಾಣವನ್ನು ಅಳೆಯುವುದು ಹೇಗೆ? ನಮ್ಮಲ್ಲಿ ಇದು ಬಹುಮಟ್ಟಿಗೆ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಗೆ ಸೀಮಿತವಾಗಿದೆ. 2025ರ ಬೇಸಿಗೆ ಕಳೆದ ಮೇಲೆ ಹಾಸನ ಜಿಲ್ಲೆಯಲ್ಲಿ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಜನ ಹೃದಯ ತಪಾಸಣೆಗೆ ಸಾಲುಗಟ್ಟಿ ನಿಂತದ್ದು ಎಲ್ಲರಿಗೂ ನೆನಪಿದೆ. ಆ ಗಾಬರಿಯ ನಂತರ 'ಹಾರ್ಟ್ ಚೆನ್ನಾಗಿದೆಯಂತೆ' ಎಂಬ ಒಂದು ವಾಕ್ಯಕ್ಕೆ ನಮ್ಮ ಕಡೆ ಇಲ್ಲದ ತೂಕ ಬಂದಿದೆ. ಹೃದಯ ಚೆನ್ನಾಗಿರಬೇಕಾದ್ದೇ. ಆದರೆ ಮಲಗಿದ್ದಾಗ ತೆಗೆದ ಎಕೋ, ಮನುಷ್ಯ ಎದ್ದು ನಡೆಯಬಲ್ಲನೇ ಎಂದು ಹೇಳುವುದಿಲ್ಲ. ವೃದ್ಧಾಪ್ಯ ವೈದ್ಯರು ನಿತ್ರಾಣವನ್ನು ಗುರುತಿಸಲು 2001ರಿಂದ ಬಳಸುತ್ತಿರುವ ಲಕ್ಷಣಗಳು ಯಾವ ಯಂತ್ರವನ್ನೂ ಹೆಚ್ಚಾಗಿ ಬೇಡುವುದಿಲ್ಲ: ಬಯಸದೆ ತೂಕ ಇಳಿದದ್ದು, ಸದಾ ಸುಸ್ತು, ಕೈ ಹಿಡಿತ ಸಡಿಲ, ನಡಿಗೆ ನಿಧಾನ, ಓಡಾಟ ಕಡಿಮೆ. ಐದರಲ್ಲಿ ಮೂರಿದ್ದರೆ ನಿತ್ರಾಣ ಎಂದೇ ಲೆಕ್ಕ. ಇನ್ನೂ ಸುಲಭದ್ದು ಕುರ್ಚಿಯ ಪರೀಕ್ಷೆ: ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಾನದಂಡದ ಪ್ರಕಾರ ಅದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯುಗಳ ಕ್ಷಮತೆ ಕುಗ್ಗಿದೆ ಎಂದರ್ಥ.

ಮೂಡಿಗೆರೆ ಕಡೆಯ ಎಪ್ಪತ್ತೆಂಟರ ಒಬ್ಬ ಬೆಳೆಗಾರರನ್ನು ಊಹಿಸಿಕೊಳ್ಳಿ: ದಿನವೂ ತೋಟದ ಇಳಿಜಾರು ಹತ್ತಿ ಇಳಿಯುತ್ತಾರೆ, ಬೀಡಿ ಸಿಗರೇಟು ಇಲ್ಲ, ಲೆಕ್ಕದ ಪುಸ್ತಕ ತಾವೇ ಬರೆಯುತ್ತಾರೆ. ಹಾಸನ ಪೇಟೆಯ ಅರವತ್ತೆರಡರ ಒಬ್ಬ ಅಂಗಡಿ ಮಾಲೀಕರನ್ನೂ ಊಹಿಸಿ: ಹದಿನೈದು ವರ್ಷದಿಂದ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಗಲ್ಲಾಪೆಟ್ಟಿಗೆಯಿಂದ ಏಳದ ದಿನಚರಿ, ಮೊದಲ ಮಹಡಿ ಹತ್ತಿದರೆ ಏದುಸಿರು. ಗಡ್ಡೆ ಇಬ್ಬರಿಗೂ ಒಂದೇ ಆಗಿದ್ದರೆ ನಾನು ಹೆಚ್ಚು ಚಿಂತೆ ಮಾಡುವುದು ಎರಡನೆಯವರ ಬಗ್ಗೆ. ಅರಿವಳಿಕೆ ತಜ್ಞರು 'ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತುತ್ತೀರಾ' ಎಂದು ಕೇಳುವುದು ಕುಶಲೋಪರಿಯಲ್ಲ, ಅದೇ ಪರೀಕ್ಷೆ.

ಇಲ್ಲಿಂದ ಮುಂದೆ ಮನೆಯವರ ಪಾತ್ರ ಆರಂಭ. ರೋಗ ಪತ್ತೆಯಾಗಿ ಆಪರೇಷನ್ ದಿನ ಬರುವವರೆಗೆ ಸಿಗುವ ಎರಡು ಮೂರು ವಾರ, ಕೆಲವರಿಗೆ ಮೊದಲು ಕಿಮೊಥೆರಪಿ ಕೊಡುವುದಿದ್ದರೆ ತಿಂಗಳುಗಳು, ಬರಿದೆ ಕಾಯುವ ಕಾಲವಲ್ಲ. ದಿನಕ್ಕೆರಡು ಸಲ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ಉಸಿರಿನ ವ್ಯಾಯಾಮಕ್ಕೆ ಮೂರು ಗುಂಡುಗಳ ಸ್ಪೈರೋಮೀಟರ್ ಎಳೆಯುವುದು, ತಂಬಾಕು ಸಂಪೂರ್ಣ ಬಿಡುವುದು, ಸಕ್ಕರೆ ಹದಕ್ಕೆ ತರುವುದು ಇವೆಲ್ಲ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮನೆಯಲ್ಲೇ ನಡೆಯುವಂಥವು. ಕಾಮಾಲೆ ಇಳಿಸಲು ಮೊದಲೇ ಸ್ಟೆಂಟ್ (ಪಿತ್ತನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಹಾಕಿಸಿಬಿಡೋಣ ಎಂಬ ಆತುರವೂ ಬೇಡ. 2010ರ ಒಂದು ಡಚ್ ಪ್ರಯೋಗದಲ್ಲಿ, ಕಾಮಾಲೆ ಅತಿಯಾಗಿಲ್ಲದವರಿಗೆ ಮೊದಲು ಪಿತ್ತ ಇಳಿಸಿ ಆಮೇಲೆ ಆಪರೇಷನ್ ಮಾಡಿದಾಗ ಗಂಭೀರ ತೊಡಕು ಶೇ. 74, ನೇರವಾಗಿ ಆಪರೇಷನ್ ಮಾಡಿದಾಗ ಶೇ. 39 ಬಂದಿತ್ತು. ಸೋಂಕಿನಿಂದ ಚಳಿಜ್ವರ ಬರುತ್ತಿದ್ದರೆ, ಕಾಮಾಲೆ ವಿಪರೀತವಾಗಿದ್ದರೆ, ಮೊದಲು ಕಿಮೊಥೆರಪಿ ಇದ್ದರೆ ಸ್ಟೆಂಟ್ ಬೇಕೇ ಬೇಕು. ಅದನ್ನು ಶಸ್ತ್ರಚಿಕಿತ್ಸೆ ಮಾಡುವ ತಂಡವೇ ತೀರ್ಮಾನಿಸಲಿ.

ಆಹಾರದ ವಿಷಯದಲ್ಲಿ ನಮ್ಮ ಕಡೆಯ ಪದ್ಧತಿ ಹಿರಿಯ ರೋಗಿಗೆ ನೇರವಾಗಿ ಹಾನಿ ಮಾಡುತ್ತದೆ ಎಂದು ಹೇಳದೆ ವಿಧಿಯಿಲ್ಲ. ಹೊಲಿಗೆ ಹಾಕಿದ ಮೈಗೆ ಮೊಟ್ಟೆ ನಂಜು, ಕೋಳಿ ನಂಜು, ಬದನೆಕಾಯಿ ನಂಜು, ಬೇಳೆ ವಾಯು ಎಂದು ಒಂದೊಂದನ್ನೇ ಕಳೆಯುತ್ತ ಹೋಗಿ ತಟ್ಟೆಯಲ್ಲಿ ಉಳಿಯುವುದು ಅಕ್ಕಿ ಗಂಜಿ, ಎಳನೀರು, ರಸ್ಕು. ಗಾಯ ಕೂಡಿಕೊಳ್ಳಲು ಬೇಕಾದ ಪ್ರೋಟೀನ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಪ್ರಯೋಗದಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೊ ಸ್ನಾಯು ಕರಗಿತ್ತು; ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಯಾರೂ ಹೊಟ್ಟೆ ಕೊಯ್ದಿರಲಿಲ್ಲ. ವಿಪಲ್ ಆದವರಲ್ಲಿ ಅನೇಕರಿಗೆ ಜಠರ ಖಾಲಿಯಾಗುವುದೇ ತಡವಾಗಿ ಮೂಗಿನ ನಳಿಕೆ ದಿನಗಟ್ಟಲೆ ಇರುತ್ತದೆ, ಆದ್ದರಿಂದ ತಿನ್ನಲು ಅನುಮತಿ ಸಿಕ್ಕ ಮೇಲಿನ ಪ್ರತಿ ತುತ್ತಿಗೂ ಬೆಲೆಯಿದೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ, ಪ್ರತಿಯೊಂದರಲ್ಲೂ ಮೊಟ್ಟೆ, ಮೊಸರು, ಮೀನು, ಬೇಳೆಕಟ್ಟು, ಪನೀರ್‌ಗಳಲ್ಲಿ ಯಾವುದಾದರೊಂದು. ಗ್ರಂಥಿಯ ಭಾಗ ಹೋದ್ದರಿಂದ ಜಿಡ್ಡು ಜೀರ್ಣವಾಗದೆ ಮಲ ಎಣ್ಣೆಯಂತೆ ತೇಲುತ್ತಿದ್ದರೆ ಊಟದ ಜೊತೆಗೇ ನುಂಗುವ ಕಿಣ್ವದ ಮಾತ್ರೆ ಬೇಕು. ಅದು ಹಂದಿಯ ಗ್ರಂಥಿಯಿಂದ ತಯಾರಾಗುವುದು ಎಂಬುದನ್ನು ಮೊದಲೇ ತಿಳಿಸಿ, ಮನೆಯವರ ಆಚಾರಕ್ಕೆ ಹೊಂದುತ್ತದೆಯೇ ಎಂದು ಮಾತಾಡಿಕೊಳ್ಳುವುದು ಒಳ್ಳೆಯದು. ಆಮೇಲೆ ಗೊತ್ತಾಗಿ ಮಾತ್ರೆ ಕದ್ದುಮುಚ್ಚಿ ಬಿಡುವುದರಿಂದ ತೂಕ ಇಳಿಯುತ್ತಲೇ ಹೋಗುತ್ತದೆ.

ಇನ್ನೊಂದು ತೊಡಕಿಗೆ ಮನೆಯವರು ಸಿದ್ಧರಾಗಿರುವುದೇ ಇಲ್ಲ. ಆಪರೇಷನ್ ಆದ ಎರಡನೆಯ ಅಥವಾ ಮೂರನೆಯ ರಾತ್ರಿ, ಹಗಲು ಸರಿಯಾಗಿಯೇ ಮಾತಾಡಿದ್ದ ಹಿರಿಯರು ನಡುರಾತ್ರಿ ಎದ್ದು ಕೂತು 'ಹಾಲು ಕರೆಯೋಕೆ ಹೊತ್ತಾಯ್ತು, ಕೊಟ್ಟಿಗೆ ಬಾಗಿಲು ತೆಗಿ' ಎನ್ನುತ್ತಾರೆ, ಮೂಗಿನ ನಳಿಕೆಗೆ ಕೈ ಹಾಕುತ್ತಾರೆ, ಮಗಳನ್ನು ಗುರುತಿಸುವುದಿಲ್ಲ. ತಲೆ ಕೆಟ್ಟಿತೆಂದು ಮನೆಯವರು ಕಂಗಾಲಾಗುತ್ತಾರೆ. ಇದು ಹಳಬರು ಸನ್ನಿ ಎನ್ನುತ್ತಿದ್ದ ಸ್ಥಿತಿ. ವಯಸ್ಸು ಹೆಚ್ಚಿದಷ್ಟೂ ಸಾಮಾನ್ಯ, ಬಹುಪಾಲು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ಒಳಗೆ ಸೋಂಕು ಆಗಿರುವುದರ ಮೊದಲ ಸುಳಿವೂ ಇದೇ ಆಗಿರಬಹುದಾದ್ದರಿಂದ ನರ್ಸ್‌ಗೆ ತಕ್ಷಣ ಹೇಳಬೇಕು, 'ವಯಸ್ಸಾದವರಲ್ವಾ' ಎಂದು ತಳ್ಳಿಹಾಕಬಾರದು. ತಡೆಯುವ ಉಪಾಯಗಳೂ ಸರಳ: ಕನ್ನಡಕ, ಕಿವಿಯ ಯಂತ್ರ ಕೈಗೆ ಎಟುಕುವಂತಿರಲಿ, ಎದುರಿಗೆ ಗಡಿಯಾರ ಇರಲಿ, ಹಗಲು ಕೂರಿಸಿ ನಡೆಸಿ, ರಾತ್ರಿ ದೀಪ ಆರಿಸಿ, ಪರಿಚಯದ ದನಿಯೊಂದು ಪಕ್ಕದಲ್ಲಿರಲಿ, ನಿದ್ದೆ ಮಾತ್ರೆಯನ್ನು ತಾವಾಗಿ ಕೊಡಬೇಡಿ. ಐಸಿಯು ಬಾಗಿಲಲ್ಲಿ ಮನೆಯವರನ್ನು ಹೊರಗಿಡುವ ನಿಯಮ ಹಿರಿಯರ ಮಟ್ಟಿಗೆ ಸ್ವಲ್ಪ ಸಡಿಲವಾದರೆ ಔಷಧಿಗಿಂತ ಹೆಚ್ಚು ಕೆಲಸ ಮಾಡೀತು.

ದೂರದ ಲೆಕ್ಕವನ್ನೂ ಹಾಕಬೇಕು. ಹಾಸನದಿಂದ ಬೆಂಗಳೂರು ಸುಮಾರು 180 ಕಿ.ಮೀ., ಚಿಕ್ಕಮಗಳೂರಿನಿಂದ ಇನ್ನೂ ಹೆಚ್ಚು. ಮಂಗಳೂರಿಗೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಕಷ್ಟ. ಈ ಶಸ್ತ್ರಚಿಕಿತ್ಸೆಯ ನಂತರದ ಅತ್ಯಂತ ಅಪಾಯಕಾರಿ ರಕ್ತಸ್ರಾವ ಒಂದು ವಾರವಾದ ಮೇಲೂ, ಕೆಲವೊಮ್ಮೆ ಡಿಸ್ಚಾರ್ಜ್ ಆದ ಮೇಲೂ ಬರಬಹುದು. ದೊಡ್ಡ ಸ್ರಾವಕ್ಕೆ ಮುಂಚೆ ಸ್ವಲ್ಪ ರಕ್ತ ಕಂಡು ನಿಲ್ಲುವುದೂ ಉಂಟು. ಡ್ರೈನ್ ಕೊಳವೆ ಇಟ್ಟುಕೊಂಡೇ ಮನೆಗೆ ಕಳಿಸಿದ ಹಿರಿಯರು ಸಕಲೇಶಪುರದ ಆಚೆ ತೋಟದ ಮನೆಗೆ ಮರಳುವ ಬದಲು ಮೊದಲ ಒಂದೆರಡು ವಾರ ಆಸ್ಪತ್ರೆಯ ಊರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಬುದ್ಧಿವಂತಿಕೆ. ಖರ್ಚಿನ ಮಟ್ಟಿಗೆ, ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಅವಕಾಶವಿದೆ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಆಯ್ದ ಆಸ್ಪತ್ರೆಯಲ್ಲಿ ಯಾವುದು ನಡೆಯುತ್ತದೆ, ಯಾವ ರೆಫರಲ್ ಬೇಕು ಎಂಬುದನ್ನು ಜಿಲ್ಲಾಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಚೇತರಿಕೆ ಎಂದರೆ ಡಿಸ್ಚಾರ್ಜ್ ಅಲ್ಲ ಎಂಬುದೂ ಹಿರಿಯರ ವಿಷಯದಲ್ಲೇ ಹೆಚ್ಚು ನಿಜ. ಕ್ಯಾನ್ಸರ್‌ಗಾಗಿ ಆಪರೇಷನ್ ಆದವರಿಗೆ ಆಮೇಲಿನ ಕಿಮೊಥೆರಪಿಯಿಂದ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ. 2018ರಲ್ಲಿ ಪ್ರಕಟವಾದ ಫ್ರಾನ್ಸ್ ಮತ್ತು ಕೆನಡಾದ ಪ್ರಯೋಗದಲ್ಲಿ, ಹೊಸ ಔಷಧಿಗಳ ಜೋಡಣೆ ಪಡೆದವರಲ್ಲಿ ಅರ್ಧದಷ್ಟು ಮಂದಿ 54 ತಿಂಗಳಿಗಿಂತ ಹೆಚ್ಚು ಬದುಕಿದರು, ಹಳೆಯ ಒಂಟಿ ಔಷಧಿ ಪಡೆದವರಲ್ಲಿ ಅರ್ಧದಷ್ಟು ಮಂದಿ 35 ತಿಂಗಳಿಗಿಂತ ಹೆಚ್ಚು. ಆದರೆ ಆ ಪ್ರಯೋಗಕ್ಕೆ 79 ದಾಟಿದವರನ್ನು ಸೇರಿಸಿಕೊಂಡಿರಲಿಲ್ಲ, ಮತ್ತು ಆ ಜೋಡಣೆ ತಾಳಿಕೊಳ್ಳಲು ಕಸುವು ಬೇಕು. ಆಪರೇಷನ್ ಗೆದ್ದು, ತ್ರಾಣ ಕಳೆದುಕೊಂಡು, ಕಿಮೊಥೆರಪಿಗೆ ಹೋಗಲಾಗದೆ ಉಳಿದುಬಿಡುವ ಹಿರಿಯರು ಎಲ್ಲೆಡೆಯೂ ಇದ್ದಾರೆ. ಆದ್ದರಿಂದ ವೈದ್ಯರನ್ನು ಕೇಳಬೇಕಾದದ್ದು 'ಬದುಕುತ್ತಾರಾ' ಎಂದಷ್ಟೇ ಅಲ್ಲ. ಮೂರು ತಿಂಗಳ ನಂತರ ತಾವೇ ಎದ್ದು ಸ್ನಾನ ಮಾಡಿ ಉಂಡು ಓಡಾಡುವ ಸಾಧ್ಯತೆ ಎಷ್ಟು, ಮುಂದಿನ ಚಿಕಿತ್ಸೆ ತಾಳುವ ಸಾಧ್ಯತೆ ಎಷ್ಟು ಎಂದೂ ಕೇಳಬೇಕು. ಈ ಪ್ರಶ್ನೆಗಳನ್ನು ರೋಗಿಯ ಎದುರಿಗೇ ಕೇಳಬೇಕು. ನಮ್ಮಲ್ಲಿ ಮಕ್ಕಳು ವೈದ್ಯರನ್ನು ಕಾರಿಡಾರಿಗೆ ಕರೆದು ಗುಟ್ಟಾಗಿ ಮಾತಾಡಿ, ತಂದೆಗೆ 'ಸಣ್ಣ ಗಂಟು, ತೆಗೀತಾರೆ' ಎಂದು ಹೇಳುವುದು ರೂಢಿ. ಎಂಬತ್ತು ವರ್ಷ ಬದುಕಿ ಮನೆ ನಡೆಸಿದವರಿಗೆ ತಮ್ಮ ಹೊಟ್ಟೆಯ ಬಗ್ಗೆ ತೀರ್ಮಾನಿಸುವ ಹಕ್ಕಿಲ್ಲವೆಂದು ಭಾವಿಸುವುದು ಪ್ರೀತಿಯೆಂದು ನನಗನ್ನಿಸುವುದಿಲ್ಲ.

ಅವರೇ ಬೇಡವೆಂದರೆ, ಅಥವಾ ತ್ರಾಣ ಸಾಲದೆಂದು ತಂಡ ಹೇಳಿದರೆ, ಅಲ್ಲಿಗೆ ಚಿಕಿತ್ಸೆ ನಿಲ್ಲುವುದಿಲ್ಲ. ಎಂಡೋಸ್ಕೋಪಿಯಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರೆ ತುರಿಕೆ, ಕಾಮಾಲೆ ಇಳಿದು ಹಸಿವು ಮರಳುತ್ತದೆ. ಪ್ಲಾಸ್ಟಿಕ್ಕಿನದು ಕೆಲವು ತಿಂಗಳಲ್ಲಿ ಕಟ್ಟಿಕೊಂಡು ಬದಲಿಸಬೇಕಾಗುತ್ತದೆ, ಲೋಹದ್ದು ದುಬಾರಿಯಾದರೂ ಹೆಚ್ಚು ಕಾಲ ತೆರೆದಿರುತ್ತದೆ, ಹಾಗಾಗಿ ಪದೇ ಪದೇ ಘಾಟಿ ಇಳಿಯಬೇಕಾದವರಿಗೆ ಲೋಹದ್ದೇ ಲೇಸು. ಬೆನ್ನಿಗೆ ಹೊಡೆಯುವ ನೋವಿಗೆ ನರಗಳ ಗುಚ್ಛಕ್ಕೆ ಕೊಡುವ ಇಂಜೆಕ್ಷನ್ ಇದೆ, ಮಾರ್ಫಿನ್ ಮಾತ್ರೆ ಇದೆ. ಮಾರ್ಫಿನ್ ಸಿಗುವುದನ್ನು ಸುಲಭಗೊಳಿಸಲು ಮಾದಕವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿಯಾಗಿದೆ. ಹಗುರವಾದ ಒಂಟಿ ಔಷಧಿಯ ಕಿಮೊಥೆರಪಿಯನ್ನು ಎಂಬತ್ತರವರಲ್ಲೂ ಕೆಲವರು ತಾಳುತ್ತಾರೆ, ಕಿಣ್ವದ ಮಾತ್ರೆಯೂ ಸಕ್ಕರೆಯ ನಿಗಾವೂ ಆಪರೇಷನ್ ಆಗದವರಿಗೂ ಅಷ್ಟೇ ಬೇಕು, ಮತ್ತು ಇವುಗಳಲ್ಲಿ ಹೆಚ್ಚಿನದನ್ನು ಒಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ಬರೆಸಿಕೊಂಡು ಬಂದ ಮೇಲೆ ಜಿಲ್ಲಾ ಮಟ್ಟದಲ್ಲೇ ಮುಂದುವರಿಸಬಹುದು.